ತಲೆಗೆ ಐದು ಸಾಲು, ಕಾಲಿಗೆ ಮೂರು

ಪ್ರತಿಯೊಬ್ಬ ಮನುಷ್ಯನಿಗೂ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನಮ್ಮ ಮಾವನವರಿಗೆ ಕಂಡಕಂಡವರ ಜಾತಕ ನೋಡುವುದು. ನನ್ನದು ಇವೆಲ್ಲಕ್ಕಿಂತ ಸಭ್ಯವಾದ ಚಟ. ಆದರೆ ಅದರಿಂದ ನನಗಿಂತ ನನ್ನ ಸುತ್ತಮುತ್ತಲಿನವರೇ ಹೆಚ್ಚು ಬಳಲಿದ್ದಾರೆ ಎಂದು ಒಪ್ಪಿಕೊಳ್ಳಬೇಕು. ನನಗೆ ಪೀಠಿಕೆ ಹಾಕದೆ ಮಾತಾಡಲು ಬರುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ನಾನು 'ಪಂಚಭೂತಗಳಲ್ಲಿ ಅಗ್ನಿಯೂ ಒಂದು' ಎಂದೇ ಶುರುಮಾಡುವವನೆಂದು ನನ್ನ ಹೆಂಡತಿ ಸುಮತಿ ಬಂದ ನೆಂಟರಿಗೆಲ್ಲ ಹೇಳುತ್ತಾಳೆ. ಇದು ಶುದ್ಧ ಅತಿಶಯೋಕ್ತಿ. ನಮ್ಮ ಮನೆಗೆ ಇದುವರೆಗೆ ಬೆಂಕಿ ಬಿದ್ದಿಲ್ಲವಾದ್ದರಿಂದ ಅವಳ ಮಾತು ಸುಳ್ಳೆಂದು ತೋರಿಸುವ ಅವಕಾಶ ನನಗೆ ಸಿಕ್ಕಿಲ್ಲ, ಅಷ್ಟೇ.

ಬೆಂಕಿಯ ಮಾತು ಬಂದದ್ದರಿಂದ ಗ್ಯಾಸಿನ ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. ಒಮ್ಮೆ ನಮ್ಮ ಮನೆಯ ಸಿಲಿಂಡರ್ ಬರಬೇಕಾದ ದಿನ ಬರಲಿಲ್ಲ. ನಾವಿದ್ದದ್ದು ಕಲಬುರಗಿಯ ಸೇಡಂ ರಸ್ತೆಯ ಒಂದು ಒಳಗಿನ ಓಣಿಯಲ್ಲಿ. ಗ್ಯಾಸಿನವರ ಆಫೀಸು ನಡೆದು ಹೋಗುವಷ್ಟೇ ದೂರ. ಸುಮತಿ ನನ್ನನ್ನು ಕಳಿಸುವಾಗಲೇ, "ಸಿಲಿಂಡರ್ ಬಂದಿಲ್ಲ ಅಂತ ಎರಡೇ ಮಾತು ಹೇಳಿ ಬರ್ರಿ" ಎಂದು ಕೈಮುಗಿದು ಹೇಳಿದ್ದಳು. ನಾನು ಕಿಟಕಿಯ ಮುಂದೆ ನಿಂತು, ಹಿಂದಿನ ಕಾಲದ ಹೆಂಗಸರು ಕಟ್ಟಿಗೆಯ ಹೊಗೆಯಲ್ಲಿ ಪಟ್ಟ ಪಾಡು, ಆಮೇಲೆ ಬಂದ ಸೀಮೆಎಣ್ಣೆ ಸ್ಟೋವಿನ ಕಾಲ, ಅದರ ಪಿನ್ನು, ಅದರ ಮಸಿ, ಇವನ್ನೆಲ್ಲ ಕ್ರಮವಾಗಿ ನಿರೂಪಿಸಿ ಇನ್ನೇನು ಸಿಲಿಂಡರಿಗೆ ಬರಬೇಕು, ಅಷ್ಟರಲ್ಲಿ ಒಳಗಿನವನು ಊಟದ ಹೊತ್ತಾಯಿತೆಂದು ಕಿಟಕಿ ಮುಚ್ಚಿದ. ನನ್ನ ಹಿಂದೆ ನಿಂತಿದ್ದ ಹನ್ನೆರಡು ಮಂದಿ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮನೆಗೆ ಬಂದು ಸಮಜಾಯಿಷಿ ಕೊಡಲು ಬಾಯಿ ತೆರೆದರೆ ಸುಮತಿ, ಇನ್ನು ಸಾಕು ಎಂಬಂತೆ ಕೈಯೆತ್ತಿ, "ಪುರೇ!" ಎಂದಳು. ನಮ್ಮ ಮನೆಯಲ್ಲಿ ಕನ್ನಡ ಸೋತಲ್ಲಿ ಮರಾಠಿ ಬರುತ್ತದೆ. ಮರಾಠಿ ಬಂತೆಂದರೆ ನಾನು ಸುಮ್ಮನಾಗುತ್ತೇನೆ.

ಈ ಚಟ ನನಗೆ ಹತ್ತಿದ್ದು ಹೊಟ್ಟೆಪಾಡಿನಿಂದ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಮಲಾಪುರದ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರ. ದಿನಾ ಬೆಳಿಗ್ಗೆ ಕಲಬುರಗಿಯಿಂದ ಬಸ್ಸು ಹತ್ತಿ ಹೋಗಿ, ಸಂಜೆ ಅದೇ ಬಸ್ಸಿನ ಸೀಟಿಗೆ ಬೆನ್ನು ಕೊಟ್ಟು ಮರಳುತ್ತಿದ್ದೆ. ವ್ಯಾಕರಣದಲ್ಲಿ ನನಗಿಂತ ಬಲ್ಲವರಿದ್ದರು, ಹಳಗನ್ನಡ ಓದುವುದರಲ್ಲಿ ನನಗಿಂತ ಗಂಟಲಿದ್ದವರಿದ್ದರು. ಆದರೆ ಪ್ರಬಂಧ ರಚನೆ ಎಂದರೆ ಸುತ್ತಲಿನ ನಾಲ್ಕು ಶಾಲೆಗಳಲ್ಲಿ ನನ್ನದೇ ಹೆಸರು. ಹಲಗೆಯ ಮೇಲೆ ಒಬ್ಬ ಮನುಷ್ಯನ ಚಿತ್ರ ಬರೆಯುತ್ತಿದ್ದೆ. ತಲೆ ಎಂದರೆ ಪೀಠಿಕೆ, ಹೊಟ್ಟೆ ಎಂದರೆ ವಿಷಯ ನಿರೂಪಣೆ, ಕಾಲು ಎಂದರೆ ಉಪಸಂಹಾರ. "ತಲೆಗೆ ಐದು ಸಾಲು, ಕಾಲಿಗೆ ಮೂರು ಸಾಲು, ಉಳಿದದ್ದೆಲ್ಲ ಹೊಟ್ಟೆ" ಎಂದು ನಾನು ಅಂದರೆ ಮಕ್ಕಳು ಮಗ್ಗಿಯಂತೆ ಹಿಂದಿನಿಂದ ಹೇಳುತ್ತಿದ್ದರು. ಚಿತ್ರ ಮಾತ್ರ ಪ್ರತಿ ಸಲವೂ ನಮ್ಮ ಹೆಡ್ಮಾಸ್ತರರನ್ನೇ ಹೋಲುತ್ತಿತ್ತು. ಅದಕ್ಕೆ ನಾನು ಹೊಣೆಯಲ್ಲ, ಸುಣ್ಣದ ಕಡ್ಡಿ ಹಾಗೇ ಹೋಗುತ್ತಿತ್ತು.

ಇಷ್ಟು ಕಲಿಸಿದರೂ ಮಕ್ಕಳಿಗೆ ತಲೆ ಮೂಡುತ್ತಿರಲಿಲ್ಲ. ಆದ್ದರಿಂದ ಒಂದು ವರ್ಷ ನನ್ನ ಬುದ್ಧಿಯನ್ನೆಲ್ಲ ಖರ್ಚುಮಾಡಿ ಯಾವ ವಿಷಯಕ್ಕೂ ಒಪ್ಪುವ ಒಂದು ಸಿದ್ಧ ತಲೆಯನ್ನೂ ಒಂದು ಜೊತೆ ಸಿದ್ಧ ಕಾಲನ್ನೂ ತಯಾರಿಸಿದೆ. ತಲೆ ಹೀಗಿತ್ತು: 'ಮಾನವನು ಸಂಘಜೀವಿ. ಅನಾದಿಕಾಲದಿಂದಲೂ ಅವನ ಬದುಕಿನಲ್ಲಿ ಇಂಥದ್ದು ಮಹತ್ವದ ಸ್ಥಾನ ಪಡೆದಿದೆ. ಇಂಥದ್ದು ಇಲ್ಲದ ಬಾಳು ದೀಪವಿಲ್ಲದ ಮನೆಯಂತೆ.' ಕಾಲು ಹೀಗೆ: 'ಆದ್ದರಿಂದ ನಾವೆಲ್ಲರೂ ಇಂಥದ್ದನ್ನು ಉಳಿಸಿ, ಬೆಳೆಸಿ, ಮುಂದಿನ ಪೀಳಿಗೆಗೆ ದಾಟಿಸಬೇಕು.' ಇಂಥದ್ದು ಎಂಬಲ್ಲಿ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟ ವಿಷಯವನ್ನು ತುಂಬಿದರೆ ಆಯಿತು. ಗ್ರಂಥಾಲಯ ತುಂಬಿ ನೋಡಿದೆ, ಕೂತಿತು. ಅರಣ್ಯ ತುಂಬಿದೆ, ಕೂತಿತು. ರಾಷ್ಟ್ರೀಯ ಹಬ್ಬಗಳು, ಜಾನಪದ ಕಲೆ, ಕ್ರೀಡೆ, ಎಲ್ಲವೂ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತವು. ಹಲಗೆಯ ಮೇಲೆ ಬರೆದು ಎಲ್ಲರಿಗೂ ಬಾಯಿಪಾಠ ಮಾಡಿಸಿದೆ. ಆ ವಾರವೆಲ್ಲ ನನ್ನ ನಡಿಗೆಯೇ ಬೇರೆಯಾಗಿತ್ತು.

ನನ್ನ ಈ ತಲೆ-ಕಾಲುಗಳನ್ನು ಎಲ್ಲರಿಗಿಂತ ಭಕ್ತಿಯಿಂದ ಕಲಿತವನು ಶರಣಪ್ಪ. ಅವನು ನಮ್ಮ ಶಾಲೆಯ ಜವಾನ. ಹದಿನೈದು ವರ್ಷಗಳಿಂದ ಗಂಟೆ ಹೊಡೆಯುತ್ತಿದ್ದವನು, ತುಂಬು ಸಂಸಾರಿ. ಅವನಿಗೆ ಗುಮಾಸ್ತನಾಗಿ ಬಡ್ತಿ ಸಿಗಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಬೇಕಿತ್ತು. ಗಣಿತ ಪಾಸು, ಇಂಗ್ಲಿಷ್ ಕೂಡ ಪಾಸು. ಉಳಿದಿದ್ದು ಕನ್ನಡ ಒಂದೇ, ಅದರಲ್ಲೂ ಎರಡು ಸಲ ಪ್ರಬಂಧದ ಅಂಕಗಳಷ್ಟೇ ಕಡಿಮೆ ಬಿದ್ದು ನಪಾಸಾಗಿದ್ದ. ಬಡ್ತಿಯ ಪಟ್ಟಿ ಆ ಚಳಿಗಾಲಕ್ಕೆ ತಯಾರಾಗುವುದಿತ್ತು. ಅದಕ್ಕಿಂತ ಮೊದಲು ಸಿಗುವ ಪರೀಕ್ಷೆ ಅಕ್ಟೋಬರಿನದು ಮಾತ್ರ. ಇದು ತಪ್ಪಿದರೆ ಮುಂದಿನ ಪಟ್ಟಿ ಯಾವ ಕಾಲಕ್ಕೋ ಯಾರೂ ಹೇಳುವಂತಿರಲಿಲ್ಲ. ಅವನಿಗೆ ಇನ್ನೊಂದು ಅವಸರವೂ ಇತ್ತು. ಅವನ ಮಗಳು ಭಾಗ್ಯ ನನ್ನ ಒಂಬತ್ತನೆಯ ತರಗತಿಯಲ್ಲಿದ್ದಳು. "ಅಕಿ ಪಾಸಾಗೂದರಾಗ ನಾ ಪಾಸಾಗಬೇಕ್ರಿ ಸರ" ಎಂದು ಒಂದು ದಿನ ನೋಟೀಸು ಪುಸ್ತಕ ಹಿಡಿದು ಬಂದವನು ದನಿ ತಗ್ಗಿಸಿ ಹೇಳಿದ. "ಮಗಳ ಹಿಂದ ಉಳದ ಅಪ್ಪ ಅಂತ ನಾಳಿ ಬೀಗರು ನಗಬಾರದು ನೋಡ್ರಿ."

ಶರಣಪ್ಪನ ಕಷ್ಟ ನನ್ನ ಕಷ್ಟಕ್ಕೆ ಪೂರ್ತಿ ಉಲ್ಟಾ. ಅವನಿಗೆ ವಿಷಯ ಬಿಟ್ಟು ಬೇರೇನೂ ಬರೆಯಲು ಬರುತ್ತಿರಲಿಲ್ಲ. 'ದಿನಪತ್ರಿಕೆ' ಎಂಬ ಪ್ರಬಂಧ ಬರೆದುಕೊಂಡು ಬಾ ಎಂದರೆ ಅವನು ತಂದದ್ದು ಇಷ್ಟು: 'ದಿನಪತ್ರಿಕೆ ದಿನಾಲು ಬರುತ್ತದೆ. ಓದಬೇಕು. ಓದಿದ ಮೇಲೆ ಅಲಮಾರಿಗೆ ಹಾಸಬೇಕು.' ಇದಕ್ಕಿಂತ ಹೆಚ್ಚು ಬರಿ ಮಾರಾಯ ಎಂದರೆ, "ಇನ್ನೇನದ ರೀ ಅದರಾಗ?" ಎಂದು ನನ್ನನ್ನೇ ಕೇಳಿದ. ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ. ಅದಕ್ಕೇ ಅವನಿಗೂ ಆ ಸಿದ್ಧ ತಲೆ-ಕಾಲು ಕೊಟ್ಟೆ. ಮನೆಯಲ್ಲಿ ಮಗಳು ಮಾಸ್ತರಾದಳು, ಅಪ್ಪ ವಿದ್ಯಾರ್ಥಿಯಾದ. ಅವಳು ರೊಟ್ಟಿ ತಟ್ಟುತ್ತ ಒಪ್ಪಿಸಿಕೊಳ್ಳುತ್ತಿದ್ದಳಂತೆ, ಇವನು ಮೂಲೆಯಲ್ಲಿ ಕೂತು ಒಪ್ಪಿಸುತ್ತಿದ್ದನಂತೆ. ತಪ್ಪಿದರೆ ರೊಟ್ಟಿ ತಡ. ಹದಿನೈದು ದಿನಗಳಲ್ಲಿ ಅವನು ಗಂಟೆ ಹೊಡೆಯುವಾಗಲೂ 'ಉಳಿಸಿ' ಎಂದು ಒಂದು ಏಟು, 'ಬೆಳೆಸಿ' ಎಂದು ಒಂದು ಏಟು ಹಾಕುವಷ್ಟು ಪಕ್ಕಾ ಆಗಿದ್ದ.

ಅಕ್ಟೋಬರ್ ಬಂತು. ಶರಣಪ್ಪನ ಪರೀಕ್ಷೆಯ ಕೇಂದ್ರ ಕಲಬುರಗಿಯ ಸ್ಟೇಶನ್ ಬಜಾರದ ಹತ್ತಿರದ ಒಂದು ಶಾಲೆ. ಅವನು ಬೆಳಿಗ್ಗೆಯೇ ಕಮಲಾಪುರದಿಂದ ಇತ್ತ ಬಂದಿದ್ದ. ನಾನು ಎಂದಿನಂತೆ ಕಲಬುರಗಿಯಿಂದ ಅತ್ತ ಹೊರಟಿದ್ದೆ. ನಮ್ಮ ಶಾಲೆಯ ಅರ್ಧವಾರ್ಷಿಕ ಪರೀಕ್ಷೆ ಆಗಷ್ಟೇ ಮುಗಿದಿತ್ತು. ನನಗೆ ಬಸ್ಸಿನಲ್ಲಿ ಉತ್ತರಪತ್ರಿಕೆ ತಿದ್ದುವ ಅಭ್ಯಾಸ. ಬಸ್ಸು ಕುಲುಕಿದಾಗ ಅಂಕಗಳು ಒಂದೆರಡು ಹೆಚ್ಚುಕಡಿಮೆಯಾದರೂ ಮಕ್ಕಳು ಎಂದೂ ತಕರಾರು ಮಾಡಿರಲಿಲ್ಲ. ಆ ಸಲ ಪ್ರಬಂಧಕ್ಕೆ ನಾನೇ ಕೊಟ್ಟಿದ್ದ ವಿಷಯ 'ವರದಕ್ಷಿಣೆ ಪಿಡುಗು'. ಕಟ್ಟು ಬಿಚ್ಚಿದಾಗ ಮೇಲೆಯೇ ಇದ್ದದ್ದು ಭಾಗ್ಯಳ ಪತ್ರಿಕೆ. ಮುತ್ತು ಪೋಣಿಸಿದಂಥ ಅಕ್ಷರ. ಓದಿದೆ: 'ಮಾನವನು ಸಂಘಜೀವಿ. ಅನಾದಿಕಾಲದಿಂದಲೂ ಅವನ ಬದುಕಿನಲ್ಲಿ ವರದಕ್ಷಿಣೆ ಪಿಡುಗು ಮಹತ್ವದ ಸ್ಥಾನ ಪಡೆದಿದೆ. ವರದಕ್ಷಿಣೆ ಪಿಡುಗು ಇಲ್ಲದ ಬಾಳು ದೀಪವಿಲ್ಲದ ಮನೆಯಂತೆ.' ಹಾಳೆ ತಿರುವಿ ಕೊನೆ ನೋಡಿದೆ. 'ಆದ್ದರಿಂದ ನಾವೆಲ್ಲರೂ ವರದಕ್ಷಿಣೆ ಪಿಡುಗನ್ನು ಉಳಿಸಿ, ಬೆಳೆಸಿ, ಮುಂದಿನ ಪೀಳಿಗೆಗೆ ದಾಟಿಸಬೇಕು.' ಕೆಳಗಿನ ಪತ್ರಿಕೆ ತೆಗೆದೆ, ಅದರಲ್ಲೂ ಅದೇ. ಅದರ ಕೆಳಗಿನದು, ಅದರಲ್ಲೂ ಅದೇ. ಇಡೀ ತರಗತಿ ಒಕ್ಕೊರಲಿನಿಂದ ಪಿಡುಗನ್ನು ಬೆಳೆಸಲು ಹೊರಟಿತ್ತು. ಮಕ್ಕಳದೇನು ತಪ್ಪು? ಬಿತ್ತಿದವನು ನಾನು.

ಆಗಲೇ ಶರಣಪ್ಪನ ನೆನಪಾದದ್ದು. ಬಸ್ಸು ಮಹಾಗಾಂವ ಕ್ರಾಸಿನಲ್ಲಿ ನಿಂತಿತ್ತು. ಅವನ ಪರೀಕ್ಷೆಗೆ ಇನ್ನೂ ಒಂದು ತಾಸು ಚಿಲ್ಲರೆ ಇತ್ತು. ಇವತ್ತು ಸರ್ಕಾರದವರೂ ಇಂಥದೇ ಒಂದು ಪಿಡುಗನ್ನು ಪ್ರಬಂಧಕ್ಕೆ ಕೊಟ್ಟರೆ ಅವನ ಗತಿ? ನಾನು ಪತ್ರಿಕೆಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೆಳಗೆ ಹಾರಿದೆ. ಕಲಬುರಗಿ ಕಡೆಗೆ ಹೋಗುವ ಬಸ್ಸಿರಲಿಲ್ಲ. ಕಮಲಾಪುರದ ಕೆಂಪು ಬಾಳೆಗೊನೆ ಹೇರಿಕೊಂಡ ಒಂದು ಟೆಂಪೋ ಬಂತು. ಡ್ರೈವರನ ಪಕ್ಕದಲ್ಲಿ ಆಗಲೇ ಮೂವರಿದ್ದರು. "ಹಿಂದ ಕುಂದರ್ತೀರೇನ್ರಿ ಮಾಸ್ತರ? ಹಣ್ಣು ಮೆತ್ತಗ ಮಾಡಬ್ಯಾಡ್ರಿ ಮತ್ತ" ಎಂದ. ಗೊನೆಗಳ ನಡುವೆ ಒಂಟಿಕಾಲಿನಲ್ಲಿ ನಿಂತು ಬಂದೆ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಅಭ್ಯಾಸ ಮಾಡಿದೆ: 'ಶರಣಪ್ಪ, ಆ ತಲೆ-ಕಾಲು ಬರೀಬೇಡ.' ಐದೇ ಮಾತು. ಇಷ್ಟು ಸಣ್ಣ ವಾಕ್ಯ ನಾನು ಜೀವಮಾನದಲ್ಲಿ ರಚಿಸಿರಲಿಲ್ಲ. ಊರು ಮುಟ್ಟಿ ಆಟೋ ಹಿಡಿದರೆ, ಆಟೋದವನು ನನ್ನ ಮೈಗೆ ಅಂಟಿದ ಬಾಳೆಎಲೆಯ ಚೂರು ನೋಡಿ, ಮದುವೆ ಮನೆಗೆ ಹೊರಟವನೆಂದು ತಿಳಿದು, "ಶಾದೀ ಘರ್ ಕಾ ಸಾಬ್?" ಎಂದು ಕೇಳಿದ.

ಪರೀಕ್ಷಾ ಕೇಂದ್ರ ಮುಟ್ಟಿದಾಗ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಶರಣಪ್ಪ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. ತನ್ನ ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರ ನಡುವೆ ಅವನೊಬ್ಬನದೇ ಮೀಸೆ. ತುಟಿ ಪಟಪಟ ಅಲುಗುತ್ತಿತ್ತು. ಏನು ಬಾಯಿಪಾಠ ಮಾಡುತ್ತಿದ್ದಾನೆಂದು ಕೇಳುವ ಅಗತ್ಯವಿರಲಿಲ್ಲ.

"ಅರೆ ಸರ! ನೀವ್ಯಾಕ ಬಂದ್ರಿ? ಸಾಲಿಗಿ ಹೋಗಿಲ್ಲೇನ್ರಿ?" ಎಂದ.

ನನ್ನ ಐದು ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹಾಗೆ ಏಕಾಏಕಿ ಹೇಳಿದರೆ ಪಾಪ, ಗಾಬರಿಯಾದಾನು ಎನ್ನಿಸಿತು. ಇನ್ನೂ ನಿಜ ಹೇಳುವುದಾದರೆ, ನಾನೇ ಕಲಿಸಿದ್ದು ತಪ್ಪೆಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಅದಕ್ಕೆ ಮನಸ್ಸನ್ನು ಕೊಂಚ ಹದಗೊಳಿಸಬೇಕಲ್ಲ?

"ಶರಣಪ್ಪ, ಮನುಷ್ಯ ಅಂದಮ್ಯಾಲೆ ತಪ್ಪು ಮಾಡ್ತಾನ" ಎಂದೆ.

"ಹೌದ್ರಿ ಸರ."

"ಗುರು ಅನ್ನಾಂವನೂ ಮನುಷ್ಯನ ನೋಡು."

"ಖರೇ ಅದ್ರಿ."

"ಹಿಂದಿನ ಕಾಲದಾಗ ಗುರುಕುಲ ಅಂತ ಇದ್ದವು. ಅಲ್ಲಿ ಗುರು-ಶಿಷ್ಯರ ಸಂಬಂಧ ಅಂದ್ರ..."

ಶರಣಪ್ಪ ಇದು ಆಶೀರ್ವಾದವೆಂದು ತಿಳಿದ. ಚಪ್ಪಲಿ ಕಳಚಿ, ಕೈಮುಗಿದು ನಿಂತ. ಎದುರಿಗೆ ಒಬ್ಬ ಮನುಷ್ಯ ಅಷ್ಟು ಶ್ರದ್ಧೆಯಿಂದ ಕೇಳುತ್ತಿರುವಾಗ ನನ್ನಂಥವನಿಗೆ ನಿಲ್ಲಿಸಲು ಆಗುತ್ತದೆಯೇ? ಗುರುಕುಲದಿಂದ ಹೊರಟು, ಕೂಲಿಮಠದ ಮೇಲೆ ಹಾಯ್ದು, ಇಂದಿನ ಪರೀಕ್ಷಾ ಪದ್ಧತಿಯ ಗುಣದೋಷಗಳಿಗೆ ಬಂದೆ. ಎರಡು ಮೂರು ಹುಡುಗರೂ ಬಂದು ಕೈಮುಗಿದು ನಿಂತರು. "ಈಗ ನಾ ಹೇಳೂ ಮುಖ್ಯ ಮಾತು ಏನಪಾ ಅಂದ್ರ" ಎಂದು ನಾನು ಅಂದದ್ದಕ್ಕೂ ಗಂಟೆ ಹೊಡೆದದ್ದಕ್ಕೂ ಸರಿಹೋಯಿತು. ಹದಿನೈದು ವರ್ಷ ಗಂಟೆ ಹೊಡೆದವನಿಗೆ ಗಂಟೆಯ ಬೆಲೆ ಗೊತ್ತು. ಶರಣಪ್ಪ ನನ್ನ ಕಾಲು ಮುಟ್ಟಿ, "ಇಷ್ಟ ಸಾಕ್ರಿ ಸರ" ಎಂದು ಒಳಗೆ ಓಡಿದ. ನಾನು ಗೇಟು ಹಿಡಿದುಕೊಂಡು, "ಶರಣಪ್ಪಾ, ತಲಿ ಬ್ಯಾಡ! ಕಾಲು ತಗದು ಹಾಕು!" ಎಂದು ಕೂಗಿದೆ. ಅವನಿಗೆ ಕೇಳಿಸಲಿಲ್ಲ. ಕಾವಲಿಗಿದ್ದ ಪೊಲೀಸನಿಗೆ ಕೇಳಿಸಿತು. ಅವನು ಲಾಠಿ ಊರಿಕೊಂಡು ಹತ್ತಿರ ಬಂದು, "ಯಾರ ಕಾಲು ತಗೀತೀರಿ? ಆ ಕಡಿ ನಡೀರಿ" ಎಂದು ನನ್ನನ್ನು ರಸ್ತೆಯ ಆಚೆಗೆ ಅಟ್ಟಿದ.

ಆ ಮೂರು ತಾಸು ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ನಾನು ಪಟ್ಟ ಸಂಕಟ ನನ್ನ ಸ್ವಂತ ಪರೀಕ್ಷೆಗಳಲ್ಲೂ ಪಟ್ಟಿರಲಿಲ್ಲ. ಕುಲದೇವರಿಗೆ ಮೊರೆಯಿಟ್ಟೆ: ಗ್ರಂಥಾಲಯ ಬರಲಿ ಸ್ವಾಮಿ, ಇಲ್ಲವಾದರೆ ಅರಣ್ಯವಾದರೂ ಬರಲಿ. ಎರಡು ತಾಸಿಗೇ ಹೊರಬಿದ್ದ ಒಬ್ಬ ಹುಡುಗಿಯನ್ನು ನಿಲ್ಲಿಸಿ, ಪ್ರಬಂಧಕ್ಕೆ ಏನು ಕೊಟ್ಟಿದ್ದರೆಂದು ಕೇಳಿದೆ. "ಮೂರರಾಗ ಒಂದು ಬರೀಬೇಕಿತ್ರಿ. ಕುಡಿತದ ಚಟ, ಪರಿಸರ ಮಾಲಿನ್ಯ, ಜನಸಂಖ್ಯಾ ಸ್ಫೋಟ" ಎಂದಳು. ಮೂರಕ್ಕೆ ಮೂರೂ ಉಳಿಸಬಾರದವು, ಬೆಳೆಸಬಾರದವು, ಮುಂದಿನ ಪೀಳಿಗೆಯ ಕಣ್ಣಿಗೂ ಬೀಳಿಸಬಾರದವು. ಯಾವುದೋ ಊರಿನಲ್ಲಿ ಕೂತ ಒಬ್ಬ ಪರೀಕ್ಷಕರು, 'ಕುಡಿತದ ಚಟವಿಲ್ಲದ ಬಾಳು ದೀಪವಿಲ್ಲದ ಮನೆಯಂತೆ' ಎಂದು ಓದಿ, ಬರೆದವನ ಬಗ್ಗೆ ಏನು ತಿಳಿದಾರು? ಗಂಟೆ ಹೊಡೆಯುತ್ತಲೇ ಮುದುಕನಾಗುವ ಶರಣಪ್ಪ, ಅಪ್ಪನಿಗಿಂತ ಮೊದಲೇ ಪಾಸಾಗಿ ತಲೆ ತಗ್ಗಿಸಿ ನಿಂತ ಭಾಗ್ಯ, ಎಲ್ಲ ಕಣ್ಣ ಮುಂದೆ ಬಂತು. ನನಗೆ ನಿಜವಾಗಿಯೂ ಅಳು ಬಂದಿತ್ತು. ಚಹಾದವನು ಕೇಳದೆಯೇ ಇನ್ನೊಂದು ಕಪ್ಪು ತಂದಿಟ್ಟ.

ಕೊನೆಯ ಗಂಟೆಯಾಗಿ ಶರಣಪ್ಪ ಹೊರಗೆ ಬಂದ. ಕೈಯೆಲ್ಲ ಶಾಯಿ, ಮುಖ ಸಪ್ಪಗೆ. ನನ್ನನ್ನು ಕಂಡವನೇ, "ತಪ್ಪು ತಿಳ್ಕೋಬ್ಯಾಡ್ರಿ ಸರ. ನೀವು ಕೊಟ್ಟ ತಲಿ-ಕಾಲು ನನ್ನ ಕೈಲೆ ಬರಿಯೂದು ಆಗಲಿಲ್ಲ" ಎಂದ.

ನಾನು ಅವನ ಎರಡೂ ಭುಜ ಹಿಡಿದುಕೊಂಡೆ. "ಯಾಕ? ಏನಾಯ್ತು?"

"ನಿಮ್ಮ ಮುಂದ ಹೇಳೂದು ಹ್ಯಾಂಗ್ರಿ... ಬೆಳಿಗ್ಗಿ ನೀವು ಗೇಟಿನ್ಯಾಗ ನಿಂತು ಹೇಳಾಕತ್ತಿದ್ರಿ. ಮುಖ್ಯ ಮಾತು ಬರೂದರಾಗ ಗಂಟಿ ಆತು. ಒಳಗ ಹೋಗಿ ಕುಂತಾಗ ನನಗ ಅದೇ ಅಂಜಿಕಿ ಹತ್ತಿತ್ರಿ. ತಲಿ ಬರಕೋತ ಕುಂತ್ರ ನನಗೂ ಹಿಂಗೇ ಗಂಟಿ ಹೊಡೀತಾರಪಾ ಅಂತ. ಅದಕ್ಕ ಮ್ಯಾಲ ಐದು ಸಾಲು ಖಾಲಿ ಬಿಟ್ಟೆ, ಕೆಳಗ ಮೂರು ಸಾಲು ಖಾಲಿ ಬಿಟ್ಟೆ, ಪೈಲಾ ಹೊಟ್ಟಿ ತುಂಬಿಸೂಣು ಅಂದೆ. ನಡುವ ಜಾಗಾ ಭಾಳ ಉಳೀತ್ರಿ. ಮೂರು ಮಾತಿಗಿ ತುಂಬಂಗಿಲ್ಲ. ಅದಕ್ಕ ನಮ್ಮ ಕಾಕಾನ್ನ ತಂದು ಕೂಡಿಸಿದೆ."

"ಯಾವ ಕಾಕಾ?"

"ಕುಡೀತಿದ್ದಲ್ರಿ ನಮ್ಮ ಕಾಕಾ, ಅಂವ. ಒಂದು ದಿನ ಕುಡದು ಬಂದು, ಎಮ್ಮಿ ತಂದು ಪಡಸಾಲ್ಯಾಗ ಕಟ್ಟಿ, ತಾನು ಹೋಗಿ ಕೊಟ್ಟಿಗ್ಯಾಗ ಮಲಗಿದ. ಹೊತ್ತು ಹೊಂಟ ಮ್ಯಾಲ ನಮ್ಮ ಕಾಕಿ ಏನೂ ಬೈಲಿಲ್ರಿ. ಎಮ್ಮಿ ತಿನ್ನೂ ಕಣಕಿ ಒಂದು ಹಿಡಿ ತಂದು ಅವನ ಮುಂದ ಇಟ್ಟಳು, ಒಂದು ಬಕೀಟ ನೀರು ಇಟ್ಟಳು. ಮಕ್ಕಳು ಸುತ್ತ ನಿಂತು ನಗಾಕತ್ವು. ಅವತ್ತಿಂದ ಬಿಟ್ಟ ನೋಡ್ರಿ. ಅದನ್ನೇ ಬರದೆ. ಎರಡು ಪುಟ ಆತು. ತಲಿಗಿ ಬರೂದರಾಗ ಗಂಟಿ ಹೊಡದೇ ಬಿಟ್ರು."

ರಸ್ತೆಯ ಮೇಲೆ ಜನ ಓಡಾಡುತ್ತಿದ್ದರೂ ನಾನು ಅವನನ್ನು ಅಪ್ಪಿಕೊಂಡೆ. ಏಕೆಂದು ಅವನಿಗೆ ತಿಳಿಯಲಿಲ್ಲ. ಬಾಳೆಹಣ್ಣಿನ ಟೆಂಪೋದಲ್ಲಿ ನಿಂತು ಬಂದದ್ದನ್ನಷ್ಟೇ ಅವನಿಗೆ ಹೇಳಿದೆ. ನನಗಾದರೋ ಸಂತೋಷದ ಜೊತೆಗೆ ಒಂದು ಚುರುಕೂ ಮುಟ್ಟಿತ್ತು. ಇಷ್ಟು ವರ್ಷ ತಲೆಗೆಷ್ಟು ಸಾಲು, ಕಾಲಿಗೆಷ್ಟು ಸಾಲು ಎಂದು ಅಳೆದು ಕೊಟ್ಟವನು, ಹೊಟ್ಟೆಗೆ ಏನು ಹಾಕಬೇಕೆಂದು ಯಾವ ಮಗುವಿಗೂ ಹೇಳಿರಲಿಲ್ಲ. ಮರುದಿನವೇ ಶಾಲೆಗೆ ಹೋಗಿ, ಹಲಗೆಯ ಮೇಲೆ ದೊಡ್ಡ ಹೊಟ್ಟೆಯೊಂದನ್ನೇ ಬರೆದು, ಪ್ರತಿಯೊಬ್ಬರೂ ನಿಮ್ಮ ನಿಮ್ಮ ಕಾಕಾನನ್ನು ಕರೆದುಕೊಂಡು ಬನ್ನಿ ಎಂದೆ. ಇಬ್ಬರು ಹುಡುಗರು ನಿಜವಾಗಿಯೂ ಕರೆದುಕೊಂಡು ಬಂದರು. ಅದು ಬೇರೆ ಕಥೆ.

ಶರಣಪ್ಪ ಪಾಸಾದ. ಸುದ್ದಿ ಬಂದ ದಿನ ಗಂಟೆ ಹೊಡೆಯುವುದನ್ನೇ ಮರೆತ. ಮೂರನೆಯ ಪಿರಿಯಡ್ ಊಟದವರೆಗೂ ನಡೆಯಿತು. ಆ ಶನಿವಾರ ಹೆಡ್ಮಾಸ್ತರರು ಒಂದು ಸಣ್ಣ ಸಭೆ ಮಾಡಿಸಿದರು. ಶರಣಪ್ಪ ಎರಡು ಬುಟ್ಟಿ ಕೆಂಪು ಬಾಳೆಹಣ್ಣು ತಂದಿದ್ದ. ಮಾತಾಡು ಎಂದರೆ ಎದ್ದು ನಿಂತು, "ನಾ ಪಾಸಾಗಿದ್ದು ನಮ್ಮ ಕನ್ನಡ ಸರ ಅವರಿಂದ. ಪರೀಕ್ಷಾ ದಿನ ಬಾಳಿಹಣ್ಣಿನ ಟೆಂಪೋದಾಗ ನಿಂತು ಬಂದು ನನಗ ಗೇಟಿನ್ಯಾಗ ಪಾಠ ಹೇಳಿದ್ರು. ಅದೇ ಪಾಠ ಉಪಯೋಗ ಬಿತ್ತು" ಎಂದು ಹೇಳಿ ಕೂತ. ಹುಡುಗಿಯರ ಸಾಲಿನಲ್ಲಿ ಭಾಗ್ಯ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಇಡೀ ಶಾಲೆ ತಟ್ಟಿತು. ಹೆಡ್ಮಾಸ್ತರರು ನನ್ನ ಕಡೆ ತಿರುಗಿ, ಎರಡು ಮಾತು ಹೇಳಬೇಕೆಂದರು.

ನಿಜ ಒಪ್ಪಿಕೊಳ್ಳಬೇಕೆಂದೇ ಎದ್ದೆ. ಪಾಠ ಹೇಳಲು ಹೋಗಿರಲಿಲ್ಲ, ನಾನು ಮಾಡಿದ ಅನಾಹುತ ತಪ್ಪಿಸಲು ಹೋಗಿದ್ದೆ, ಅದೂ ನನ್ನ ಕೈಲಾಗಲಿಲ್ಲ ಎಂದು ಹೇಳಿಬಿಡಬೇಕೆಂದೇ ಇದ್ದೆ. ಆದರೆ ಅಂಥ ಮಾತನ್ನು ಹಾಗೇ ತಂದು ಮುಂದಿಡುವುದು ಹೇಗೆ? "ಇದರಲ್ಲಿ ನನ್ನದೇನೂ ಇಲ್ಲ, ತಪ್ಪೆಲ್ಲ ನನ್ನದೇ" ಎಂದು ಮೆಲ್ಲಗೆ ಆರಂಭಿಸಿದೆ. ಅಷ್ಟಕ್ಕೇ ಎಲ್ಲರೂ ನನ್ನ ವಿನಯಕ್ಕೆ ಮರುಳಾಗಿ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ನಾನು ಸತ್ಯದ ಮಹತ್ವಕ್ಕೆ ಬರುವಷ್ಟರಲ್ಲಿ ಹಣ್ಣು ಹಂಚಲು ಶುರುವಾಯಿತು, ಸತ್ಯವನ್ನು ನುಡಿಯಲು ಬೇಕಾದ ಧೈರ್ಯಕ್ಕೆ ಬರುವಷ್ಟರಲ್ಲಿ ಸಿಪ್ಪೆ ಎಸೆಯುವುದೂ ಮುಗಿಯಿತು. ಶನಿವಾರ ಅರ್ಧ ದಿನ, ಎಲ್ಲರಿಗೂ ಬಸ್ಸಿನ ಹೊತ್ತು. ಹೆಡ್ಮಾಸ್ತರರು ವಂದನಾರ್ಪಣೆ ಮಾಡಿಯೇ ಬಿಟ್ಟರು.

ಶರಣಪ್ಪ ಕೊಟ್ಟ ಒಂದು ಡಜನ್ ಹಣ್ಣು ಹಿಡಿದು ಮನೆಗೆ ಬಂದೆ. ಸುಮತಿ ಏನು ವಿಶೇಷ ಎಂದಳು. ಬಸ್ಸಿನಿಂದ ಬಸ್ಸಿನವರೆಗೆ ಎಲ್ಲ ಹೇಳಿದೆ. ಅವಳು ಮಧ್ಯದಲ್ಲಿ ಒಮ್ಮೆಯೂ ತಡೆಯದೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದಳು: "ಹಂಗಾರ ಶರಣಪ್ಪಗ ಖರೇ ಹೇಳಿದ್ರೇನು?"

"ಹೇಳ್ಲಿಕ್ಕೆ ಶುರು ಮಾಡಿದ್ದೆ" ಎಂದೆ.

ಅವಳು ನನ್ನ ಕೈಯಿಂದ ಹಣ್ಣು ತೆಗೆದುಕೊಂಡು ದೇವರ ಕೋಣೆಯತ್ತ ನಡೆದಳು. "ಮೊದಲು ಪಾಸ್ ಮಾಡಿಸಿದಾಂವಗ ನೈವೇದ್ಯ ಆಗ್ಲಿ. ಆಮ್ಯಾಲ ನಿಮಗೂ ಒಂದು ಕೊಡ್ತೀನಿ, ಪ್ರಸಾದ ಅಂತ" ಎಂದಳು.

ಕೊಟ್ಟಳು. ತಿಂದೆ. ಆ ವರ್ಷವಿಡೀ ನಾನು ಪೀಠಿಕೆಯಿಲ್ಲದೆ ಮಾಡಿದ ಕೆಲಸ ಅದೊಂದೇ.